ಅಮ್ಮ ‘ಗೆಲ್ತಾರೆ’ ಅಂದ ಭಾನುವಾರ

ನಮ್ಮಮ್ಮ ‘ಸೋಲ್ತಾರೆ’ ಎಂದರೆ ನಮ್ಮ ತಂಡ ಗೆಲ್ಲುತ್ತಿತ್ತು. ಇದು ನಮ್ಮ ಮನೆಯ ಕಾನೂನು. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಕುತ್ತದೆ, ಆಗುವುದೂ ಆಗದೆ ಹೋಗುತ್ತದೆ ಎಂದು ಅಮ್ಮನಿಗೆ ಜೀವನಪೂರ್ತಿ ಭಯ. ನನಗೆ ಗಣಿತದ ಪರೀಕ್ಷೆ ಇದ್ದ ದಿನ ‘ಏನು ಬರೀತಾಳೋ, ಬಿಡಿ’ ಎಂದು ಗೊಣಗುತ್ತಲೇ ಹಣೆಗೆ ಕುಂಕುಮ ಇಡುತ್ತಿದ್ದಳು. ಅಪ್ಪ ಹೊಸ ಕಾರು ತಂದಾಗ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದಲ್ಲದೆ, ಪಕ್ಕದ ಮನೆಯ ಅಮೆರಿಕನ್ ಅಜ್ಜಿ ‘ಬ್ಯೂಟಿಫುಲ್ ಕಾರ್’ ಎಂದಾಗ ‘ನೋ ನೋ, ವೆರಿ ಆರ್ಡಿನರಿ’ ಎಂದು ಅವಳ ಬಾಯಿ ಮುಚ್ಚಿಸಿದ್ದಳು. ಪಾಪ, ಆ ಅಜ್ಜಿ ಆಮೇಲೆ ನಮ್ಮ ಹೂಕುಂಡಗಳನ್ನೂ ಹೊಗಳಲಿಲ್ಲ. ನ್ಯೂಜೆರ್ಸಿಯ ಸಮರ್‌ಸೆಟ್‌ನ ನಮ್ಮ ಟೌನ್‌ಹೌಸಿನಲ್ಲಿ ಅಡಿಗೆಮನೆ ನಡುವಿನ ಅಂತಸ್ತಿನಲ್ಲಿತ್ತು, ಟಿವಿ ಕೆಳಗೆ ಬೇಸ್‌ಮೆಂಟಿನಲ್ಲಿ. ಭಾನುವಾರ ಅಮೆರಿಕನ್ ಫುಟ್‌ಬಾಲ್ ಶುರುವಾಗುವುದಕ್ಕೆ ಮುಂಚೆ ಮಾಮ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ಕತ್ತೆತ್ತಿ ಕೂಗುತ್ತಿದ್ದ. ಅಮ್ಮನ ಬಾಯಿಂದ ಆ ಮಾತು ಬೀಳುವವರೆಗೆ ಅವನು ರಿಮೋಟ್ ಮುಟ್ಟುತ್ತಿರಲಿಲ್ಲ.

“ಅಕ್ಕಾ, ಹೇಳೇ ಬೇಗ! ಇನ್ನೇನು ಶುರುವಾಗತ್ತೆ!”

“ಒಗ್ಗರಣೆ ಸೀದು ಹೋಗ್ತಿದೆ ಕಣೋ, ಇರು.”

“ಒಗ್ಗರಣೆ ಹಾಳಾಗ್ಲಿ, ಮೊದ್ಲು ಹೇಳು.”

“ಸೋಲ್ತಾರೆ! ಮಣ್ಣು ಮುಕ್ಕಿ ಬರ್ತಾರೆ! ಸಾಕಾ?”

“ಸಾಕು ಸಾಕು!” ಎಂದು ಮಾಮ ಕುಣಿದಾಡಿಬಿಡುತ್ತಿದ್ದ. ಅವನ ಹಿಂದೆ ನಾನೂ ಕುಣಿಯುತ್ತಿದ್ದೆ. ಆ ಸೀಸನ್ನಿನಲ್ಲಿ ಅಮ್ಮ ಒಂದೊಂದು ಸಲ ಮಣ್ಣು ಮುಕ್ಕಿಸಿದಾಗಲೂ ನ್ಯೂಯಾರ್ಕಿನ ನೀಲಿ ತಂಡ ಗೆದ್ದಿತು ಎಂದರೆ ನಂಬಬೇಕು. ಎಲ್ಲೋ ಒಮ್ಮೊಮ್ಮೆ ಸೋತದ್ದುಂಟು. ಆಗ ಅಮ್ಮ ಸಾಕಷ್ಟು ಜೋರಾಗಿ ಹೇಳಲಿಲ್ಲ ಎಂದು ನಾವು ತೀರ್ಮಾನಿಸಿದೆವು.

ಮಾಮ ಎಂದರೆ ಅಮ್ಮನ ತಮ್ಮ ಗಿರಿ. ಮ್ಯಾನ್‌ಹ್ಯಾಟನ್ನಿನ ಒಂದು ಹಣಕಾಸು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ. ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ ಆ ಕಾಲದಲ್ಲಿ ಅವನ ಇಡೀ ವಿಭಾಗವನ್ನೇ ಒಂದು ಬೆಳಗ್ಗೆ ಮನೆಗೆ ಕಳಿಸಿದರು. ಬಾಡಿಗೆ ಮನೆ ಬಿಟ್ಟು ನಮ್ಮಲ್ಲಿಗೆ ಬಂದಾಗ ವ್ಯಾನಿನಿಂದ ಬಟ್ಟೆಬರೆಗಿಂತ ಮೊದಲು ಇಳಿದದ್ದು ಅವನ ಟಿವಿ. ಅಪ್ಪ, ಅವನು, ಪಕ್ಕದ ಮನೆಯ ಹುಡುಗ ಸೇರಿ ಅದನ್ನು ಬೇಸ್‌ಮೆಂಟಿಗೆ ಇಳಿಸುವಾಗ ಗೋಡೆಯ ಬಣ್ಣ ಉದ್ದಕ್ಕೂ ಕಿತ್ತುಬಂತು. ದೊಡ್ಡವರಿಗೆ ಅದು ಕೆಟ್ಟ ವರ್ಷ, ಈಗ ಗೊತ್ತಾಗುತ್ತದೆ. ಪಾರ್ಸಿಪನಿಯ ಆಫೀಸಿನಲ್ಲಿ ಅಪ್ಪನ ಸುತ್ತಲಿನ ಕುರ್ಚಿಗಳೂ ಖಾಲಿಯಾಗುತ್ತಿದ್ದವು. ಊಟಕ್ಕೆ ಕುಳಿತಾಗ ‘ಇವತ್ತು ಯಾರು?’ ಎಂದು ಅಮ್ಮ ಕೇಳುವುದು, ಅಪ್ಪ ಒಂದು ಹೆಸರು ಹೇಳುವುದು ಮಾಮೂಲಾಗಿತ್ತು. ನನಗೆ ಮಾತ್ರ ಅಷ್ಟು ಸುಖದ ವರ್ಷ ಇನ್ನೊಂದಿಲ್ಲ. ಸ್ಕೂಲ್ ಬಸ್ಸಿಂದ ಇಳಿದರೆ ಮನೆಯಲ್ಲಿ ಮಾಮ! ಬೇರೆ ಯಾವ ಹುಡುಗಿಗೆ ಇತ್ತು ಅಂಥ ಭಾಗ್ಯ? ಬ್ಯಾಗು ಬಿಸಾಡಿ ಬೇಸ್‌ಮೆಂಟಿಗೆ ಓಡುತ್ತಿದ್ದೆ. ಚುರುಮುರಿ ಬಟ್ಟಲು ನಡುವೆ ಇಟ್ಟುಕೊಂಡು ಮಾಮ ಹಳೆಯ ಆಟಗಳನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದ.

ಅವನು ತೋರಿಸಿದ್ದೆಲ್ಲ ಒಬ್ಬನನ್ನೇ, ಕ್ವಾರ್ಟರ್‌ಬ್ಯಾಕ್‌ನನ್ನು. ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಿನಿಂದ ಗೂಳಿಗಳಂಥ ಆಳುಗಳು ಅವನನ್ನು ಕೆಡವಲು ನುಗ್ಗುತ್ತಾರೆ, ಅವನ ಕಡೆಯವರು ಗೋಡೆ ಕಟ್ಟಿ ತಡೆಯುತ್ತಾರೆ. ಆ ಗೋಡೆ ಒಡೆಯುವುದರೊಳಗೆ ಯಾರ ಕೈಗೆ ಎಸೆಯಬೇಕು ಎಂದು ತೀರ್ಮಾನಿಸಬೇಕು. ಅಷ್ಟೇ ಆಟ, ಉಳಿದದ್ದೆಲ್ಲ ಗದ್ದಲ ಎನ್ನುತ್ತಿದ್ದ ಮಾಮ. ನಮ್ಮ ನೀಲಿಯವನಿಗೆ ನಾವು ನಿಧಾನಪ್ಪ ಎಂದು ಹೆಸರಿಟ್ಟಿದ್ದೆವು. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಡುವ ಪೈಕಿ. ಗೋಡೆ ಕುಸಿಯುತ್ತಿರಲಿ, ಎದುರಾಳಿಯ ಕೈ ಅಂಗಿಗೆ ಬಿದ್ದಿರಲಿ, ಇನ್ನೊಂದು ಕ್ಷಣ ನೋಡಿಯೇ ಎಸೆಯುತ್ತಿದ್ದ. ಅಪ್ಪ ಈ ದೇಶಕ್ಕೆ ಬಂದ ಹೊಸತರಲ್ಲಿ ಫಿಲಡೆಲ್ಫಿಯಾ ಕಡೆ ಇದ್ದವರು. ಹಾಗಾಗಿ ಅವರದು ಹಸಿರು ತಂಡ. ಆ ಹಸಿರಿನ ಕ್ವಾರ್ಟರ್‌ಬ್ಯಾಕ್ ಅವಸರಪ್ಪ. ಅವನು ನಿಂತಲ್ಲಿ ನಿಲ್ಲುವವನಲ್ಲ. ಎಡಕ್ಕೆ ಓಡಿ, ಬಲಕ್ಕೆ ತಿರುಗಿ, ಇಬ್ಬರ ಕಂಕುಳಡಿ ನುಸುಳಿ, ಓಡುತ್ತಲೇ ಎಸೆದುಬಿಡುತ್ತಿದ್ದ. ಭಾನುವಾರ ದೋಸೆಯ ಹೊತ್ತಿಗೆ ಭಾವ-ಮೈದುನರ ನಡುವೆ ಇವರಿಬ್ಬರ ಜಗಳ ಹೊತ್ತಿಕೊಳ್ಳುತ್ತಿತ್ತು.

“ನಿಮ್ಮೋನು ಕೋತಿ ಭಾವ. ಕುಣಿತಾನೆ ಅಷ್ಟೆ.”

“ನಿಮ್ಮೋನು ಕಲ್ಲುಕಂಬ. ಕಂಬಕ್ಕೆ ಸುತ್ತು ಹಾಕ್ಬೋದು, ಆಟ ಆಡ್ಸಕ್ಕಾಗಲ್ಲ.”

“ಹೋದ ವಾರ ಕೊನೇ ನಿಮಿಷದಲ್ಲಿ ಯಾರು ಗೆಲ್ಸಿದ್ದು?”

“ಗಾಳಿ!” ಎಂದು ಅಪ್ಪ ಎದ್ದು, ದೋಸೆ ಮಗುಚುವ ಕೈಯನ್ನು ಅಮ್ಮನಿಂದ ಕಸಿದುಕೊಂಡು, ಅವಸರಪ್ಪ ಹೇಗೆ ತಪ್ಪಿಸಿಕೊಳ್ಳುತ್ತಾನೆಂದು ಫ್ರಿಜ್‌ಗೂ ಸಿಂಕ್‌ಗೂ ನಡುವೆ ಓಡಿ ತೋರಿಸುತ್ತಿದ್ದರು. ಆಫೀಸಿನಿಂದ ಬಂದವರು ಸೋಫಾ ಬಿಟ್ಟು ಏಳದ ನಮ್ಮಪ್ಪ! ದೋಸೆ ಕರಿಕಲಾಗುತ್ತಿತ್ತು. ಅಮ್ಮ ಇಬ್ಬರಿಗೂ ಅದನ್ನೇ ಬಡಿಸುತ್ತಿದ್ದಳು.

ಆಟಕ್ಕೆ ಮುಂಚೆ ಎಲ್ಲರೂ ತಮ್ಮ ಪ್ರೆಡಿಕ್ಷನ್ ಹೇಳಬೇಕಿತ್ತು, ಕಾರಣ ಸಮೇತ. ‘ನಮ್ಮೋರು ಅನ್ನೋದು ಕಾರಣ ಅಲ್ಲ ಪುಟ್ಟಿ, ಕಣ್ಣಲ್ಲಿ ನೋಡಿದ್ದು ಹೇಳು’ ಎಂದು ಮಾಮ ನನ್ನನ್ನು ಅದೆಷ್ಟು ಸಲ ನಿಲ್ಲಿಸಿದ್ದಾನೋ. ನಾನು ಮೂಗಿನ ತುದಿಯಲ್ಲೇ ಸಿಟ್ಟಿದ್ದ ಹುಡುಗಿ, ಕಾಲು ಅಪ್ಪಳಿಸುತ್ತಿದ್ದೆ. ಆದರೂ ಮತ್ತೆ ಟಿವಿ ನೋಡಿ, ಗೋಡೆಯ ಎಡಭಾಗ ಯಾಕೆ ಬೇಗ ಒಡೆಯುತ್ತದೆ, ನಿಧಾನಪ್ಪ ಯಾವ ಕಡೆಗೆ ಎಸೆಯಲು ಹಿಂಜರಿಯುತ್ತಾನೆ ಎಂದು ಹುಡುಕಿ ತಂದು ಒಪ್ಪಿಸುತ್ತಿದ್ದೆ. ಇವತ್ತಿಗೂ ಯಾರಾದರೂ ನನ್ನೆದುರು ‘ನನಗೆ ಹಾಗನ್ನಿಸುತ್ತೆ’ ಎಂದರೆ ‘ಕಾರಣ?’ ಎಂದು ಕೇಳಿಬಿಡುತ್ತೇನೆ. ನನ್ನ ಗಂಡ ಇದರಿಂದ ರೋಸಿಹೋಗಿದ್ದಾನೆ. ಅಮ್ಮನೊಬ್ಬಳಿಗೆ ಮಾತ್ರ ಕಾರಣದಿಂದ ವಿನಾಯಿತಿ ಇತ್ತು.

ಪ್ಲೇಆಫ್ ಹತ್ತಿರ ಬಂದಾಗ ಊಟದ ಮೇಜಿನಲ್ಲಿ ಮಾಮ ಒಂದು ಮಾತು ಹೇಳಿದ. ಅವನ ಕೆಲಸದ ವೀಸಾ ಹೋಗಿ, ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿಕೊಂಡು ಉಳಿದಿದ್ದ. ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ‘ಎಷ್ಟು ದಿನ ಅಂತ ಕೂತಿರೋದು ಅಕ್ಕ? ನೀಲಿಯೋರು ಆಡೋವರೆಗೂ ಇರ್ತೀನಿ. ಅವರು ಸೋತ ವಾರವೇ ನಾನೂ ಮೈಸೂರಿಗೆ ಹೊರಡ್ತೀನಿ’ ಎಂದ. ತಮಾಷೆ ಮಾಡುವವನಂತೆಯೇ ಹೇಳಿದ, ಆದರೆ ಯಾರೂ ನಗಲಿಲ್ಲ. ಪ್ಲೇಆಫ್‌ನಲ್ಲಿ ಒಮ್ಮೆ ಸೋತರೆ ಮುಗಿಯಿತು, ಇನ್ನೊಂದು ಅವಕಾಶ ಎಂಬುದಿಲ್ಲ. ಅಂದಿನಿಂದ ನನಗೆ ಆಟ ಆಟವಾಗಿ ಉಳಿಯಲಿಲ್ಲ. ಮೊದಲ ಪ್ಲೇಆಫ್ ನೀಲಿ ಗೆದ್ದಾಗ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದ್ದಳು. ಮಾಮ ಇನ್ನೊಂದು ವಾರ ಇರುತ್ತಾನೆ! ಅವನು ಗಡ್ಡ ಬಿಟ್ಟಿದ್ದ. ತಂಡ ಆಡುತ್ತಿರುವವರೆಗೆ ಕ್ಷೌರ ಮಾಡಿಸಬಾರದು, ಇದು ಪ್ಲೇಆಫ್ ಗಡ್ಡ ಎಂದಿದ್ದ. ನಾನು ಅದಕ್ಕೆ ಕೈಮುಗಿಯುವುದೊಂದು ಬಾಕಿ.

ಮುಂದಿನ ಭಾನುವಾರ ನೀಲಿಗೂ ಹಸಿರಿಗೂ ಬಿತ್ತು. ನಿಧಾನಪ್ಪ, ಅವಸರಪ್ಪ ಎದುರುಬದುರು, ಅದೂ ನಮ್ಮ ನ್ಯೂಜೆರ್ಸಿ ಮೈದಾನದಲ್ಲೇ! ವಾರವಿಡೀ ಮನೆ ಕಾದ ಕಾವಲಿಯಾಗಿತ್ತು. ಅದೇ ವಾರದ ನಡುವೆ ಸಂಕ್ರಾಂತಿ. ಎಳ್ಳು ಬೀರುವುದು ಎಲ್ಲ ನಮ್ಮವರ ಮನೆಗಳಲ್ಲೂ ರಜೆಯ ದಿನಕ್ಕೆ, ಅಂದರೆ ಭಾನುವಾರಕ್ಕೆ ಹೋಯಿತು. ಹೆಣ್ಣುಮಗಳು ಲಂಗ ಉಟ್ಟು ಮನೆಮನೆಗೆ ಎಳ್ಳು-ಬೆಲ್ಲ ಕೊಟ್ಟು ಬರಬೇಕು. ನಮ್ಮ ಮನೆಯ ಹೆಣ್ಣುಮಗಳು ನಾನೊಬ್ಬಳೇ. ಆಟ ಒಂದು ಗಂಟೆಗೆ. ನಾನು ಅತ್ತೆ, ಕೂಗಾಡಿದೆ, ಹೊಟ್ಟೆನೋವು ಎಂದೆ. ಅಮ್ಮ ಜಗ್ಗಲಿಲ್ಲ. ಹಸಿರು ಜರಿ ಲಂಗ ಉಡಿಸಲು ಬಂದಳು. ಸತ್ತರೂ ಹಸಿರು ಉಡುವುದಿಲ್ಲ ಎಂದಾಗ ಮಾತ್ರ ನೀಲಿಯದಕ್ಕೆ ಒಪ್ಪಿದಳು. ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಳ್ಳಿನ ಪೊಟ್ಟಣ ಜೋಡಿಸಿದ ತಟ್ಟೆ ಹಿಡಿದು ನಾನು ಮೆಟ್ಟಿಲ ಬಳಿ ಮುಖ ಊದಿಸಿಕೊಂಡು ನಿಂತಿದ್ದೆ. ಪ್ರೆಡಿಕ್ಷನ್ ಹೇಳುವ ಹೊತ್ತಾಗಿತ್ತು. ಅಪ್ಪ ಹಸಿರು ಎಂದರು, ಗಾಳಿ ಜೋರಾಗಿದೆ, ಓಡುವವನಿಗೇ ಅನುಕೂಲ ಎಂದು ಕಾರಣ ಕೊಟ್ಟರು. ಮಾಮ ನೀಲಿ ಎಂದ. ನಾನೂ ನೀಲಿ ಎಂದೆ, ನಿಧಾನಪ್ಪನಿಗೆ ಈ ಮೈದಾನದ ಗಾಳಿ ಅಭ್ಯಾಸವಿದೆ ಎಂದೆ. ಆಮೇಲೆ ಮಾಮ ಕೆಳಗಿನಿಂದ ಕೂಗಿದ.

“ಅಕ್ಕಾ, ನಿಂದು?”

ಅಮ್ಮ ಕೋಟು ಹಾಕಿಕೊಳ್ಳುತ್ತಿದ್ದಳು. ಒಂದು ತೋಳು ಒಳಗೆ, ಇನ್ನೊಂದು ಹೊರಗೆ. ಹಾಗೇ ನಿಂತಳು.

“ಗೆಲ್ತಾರೆ ಕಣೋ” ಎಂದಳು. “ಈ ಸಲ ಗೆದ್ದೇ ಗೆಲ್ತಾರೆ.”

ಅಪ್ಪ ಅಮ್ಮನ ಮುಖ ನೋಡಿದರು. ನಾನು ‘ವಾಪಸ್ ತಗೋ ಅಮ್ಮಾ!’ ಎಂದು ಕಿರುಚಿದೆ. ಅವಳು ನನ್ನ ರಟ್ಟೆ ಹಿಡಿದು ಗ್ಯಾರೇಜಿಗೆ ಎಳೆದುಕೊಂಡು ಹೋದಳು.

ಮೊದಲು ಹೋದದ್ದು ನಮ್ಮದೇ ಕಾಲನಿಯ ಶಾಂತಾ ಆಂಟಿಯ ಮನೆಗೆ. ಅಲ್ಲಿ ಟಿವಿಯಲ್ಲಿ ಯಾವುದೋ ಧಾರಾವಾಹಿ! ಈ ಹೊತ್ತಿನಲ್ಲಿ ಧಾರಾವಾಹಿ ನೋಡುವವರೂ ಭೂಮಿಯ ಮೇಲಿದ್ದಾರೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಆಂಟಿ ಅರಿಶಿನ-ಕುಂಕುಮ ಕೊಟ್ಟು, ಒಬ್ಬಟ್ಟು ತಿನ್ನಿಸಿ, ಲಂಗದ ಅಂಚನ್ನು ಹಿಡಿದು ನೋಡಿ, ಮೈಸೂರಿನ ಯಾವ ಅಂಗಡಿಯದು ಎಂದು ವಿಚಾರಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಕಾರಿಗೆ ಬಂದು ರೇಡಿಯೋ ಹಾಕಿದೆ. ನೀಲಿ ಮುಂದಿತ್ತು, ಆದರೆ ಕೂದಲೆಳೆಯಷ್ಟು. ಎಡಿಸನ್ ಕಡೆಗೆ ರೂಟ್ ಇಪ್ಪತ್ತೇಳು ಹಿಡಿದೆವು. ಸಿಗ್ನಲ್ ಸಿಗ್ನಲಿಗೂ ನಾನು ಅಮ್ಮನನ್ನು ಬೈದೆ.

“ವೈ ವುಡ್ ಯೂ ಸೇ ದಟ್? ಯಾಕೆ ಹಾಗಂದೆ?”

“ಬಾಯಿ ತಪ್ಪಿ ಬಂತು.”

“ಸುಳ್ಳು! ನಿನ್ ಬಾಯಿ ಯಾವತ್ತೂ ತಪ್ಪಲ್ಲ. ಮಾಮ ಹೋಗ್ಲಿ ಅಂತ ಅಂದೆ ಅಲ್ವಾ? ಯೂ ವಾಂಟ್ ಹಿಮ್ ಟು ಗೋ!”

ಅಮ್ಮ ಸರ್ರನೆ ಒಂದು ಗ್ಯಾಸ್ ಸ್ಟೇಷನ್ನಿಗೆ ತಿರುಗಿಸಿದಳು. ಹುಡುಗನೊಬ್ಬ ಓಡಿ ಬಂದು ಪೆಟ್ರೋಲ್ ಪೈಪ್ ಸಿಕ್ಕಿಸಿ ಹೋದ. ಕಿಟಕಿ ಏರಿಸಿ ರೇಡಿಯೋ ಆರಿಸಿದಳು. ಬೈಯುತ್ತಾಳೆ ಎಂದುಕೊಂಡೆ.

“ಹೌದು, ಅದಕ್ಕೇ ಅಂದೆ” ಎಂದಳು. “ಮೈಸೂರಲ್ಲಿ ರಘು ಅಂತ, ಮಾಮನ ಕ್ಲಾಸ್‌ಮೇಟ್, ಕಂಪನಿ ಶುರು ಮಾಡಿದಾನೆ. ಬಾ ಬಾ ಅಂತ ಕರೀತಿದಾನೆ. ಇವನು ‘ಫೈನಲ್ ಆಗ್ಲಿ, ಹೇಳ್ತೀನಿ’ ಅಂತಾನಂತೆ. ರಘು ನಂಗೇ ಫೋನ್ ಮಾಡಿದ್ದ. ನಾಳೆ ಹೊತ್ತಿಗೆ ಹೂಂ ಅನ್ನದಿದ್ರೆ ಬೇರೆಯವರನ್ನ ತಗೋತಾನೆ.”

“ಇಲ್ಲೇ ಜಾಬ್ ಸಿಗತ್ತೆ.”

“ಎಲ್ಲಿ ಸಿಗತ್ತೆ? ಅವನು ಹುಡುಕೋದೇ ಬಿಟ್ಟಿದಾನೆ ಪುಟ್ಟಿ. ನೀನು ಸ್ಕೂಲಿಗೆ ಹೋದ್ಮೇಲೆ ಏನ್ಮಾಡ್ತಾನೆ ಗೊತ್ತಾ? ಟಿವಿ ಕೂಡ ಹಾಕಲ್ಲ. ಅದರ ಮುಂದೆ ಸುಮ್ನೆ ಕೂತಿರ್ತಾನೆ. ಅನ್ನ ಕಲೆಸಿ ಹಾಗೇ ಬಿಟ್ಟು ಏಳ್ತಾನೆ. ಅದು ಪ್ಲೇಆಫ್ ಗಡ್ಡ ಅಲ್ಲಮ್ಮ.”

ಬಸ್ಸಿನಿಂದ ಇಳಿದು ನಾನು ಓಡಿ ಹೋದಾಗ ಟಿವಿ ಯಾವಾಗಲೂ ಹಾಕಿಯೇ ಇರುತ್ತಿತ್ತಲ್ಲ ಎಂದುಕೊಂಡೆ. ನನಗೋಸ್ಕರ ಹಾಕುತ್ತಿದ್ದ.

“ಹೋಗು ಅಂತ ನೀನೇ ಹೇಳ್ಬೋದಲ್ಲ.”

“ಎತ್ತಿ ಆಡಿಸಿದ ತಮ್ಮ ಕಣೇ. ಕೆಲಸ ಕಳ್ಕೊಂಡು ಬಾಗಿಲಿಗೆ ಬಂದೋನಿಗೆ ಹೋಗು ಅಂತ ಹೆಂಗೆ ಹೇಳ್ಲಿ? ನನ್ ಬಾಯಲ್ಲಿ ಬರಲ್ಲ. ಆ ನೀಲಿಯೋರೇ ಹೇಳ್ಲಿ.” ಅಮ್ಮ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಹುಡುಗ ಕಾರ್ಡು ವಾಪಸು ಕೊಟ್ಟ. ಅಮ್ಮ ಗಾಡಿ ತೆಗೆದು, ತಾನೇ ರೇಡಿಯೋ ಹಾಕಿ ಜೋರು ಮಾಡಿದಳು.

ಎಡಿಸನ್‌ನ ನಸೀಮಾ ಆಂಟಿ ಹುಟ್ಟಿ ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಚಿಕ್ಕಂದಿನಲ್ಲಿ ಸಂಕ್ರಾಂತಿ ಸಂಜೆ ಗೆಳತಿಯರು ತರುವ ಸಕ್ಕರೆ ಅಚ್ಚಿಗೆ ಬಾಗಿಲಲ್ಲೇ ಕಾಯುತ್ತಿದ್ದರಂತೆ. ಈಗಲೂ ಬಾಗಿಲಲ್ಲೇ ಕಾದಿದ್ದರು. ‘ಆನೆ ಅಚ್ಚು ತಂದ್ಯೇನಮ್ಮ? ಹೋದ ವರ್ಷ ಬರೀ ಹೂವು ಕೊಟ್ಟು ಮೋಸ ಮಾಡಿದ್ಯಲ್ಲ!’ ಎಂದು ನನ್ನ ಗಲ್ಲ ಹಿಂಡಿದರು. ತಟ್ಟೆ ಅವರ ಕೈಗಿಟ್ಟವಳೇ ನಾನು ಒಳಗೆ ಓಡಿದೆ. ಅವರ ಯಜಮಾನರು ಬಷೀರ್ ಅಂಕಲ್ ಟಿವಿ ಮುಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹಸಿರು ಮುಂದೆ ಹೋಗಿತ್ತು. ನಾನು ಲಂಗ ಹರಡಿಕೊಂಡು ಕಾರ್ಪೆಟ್ ಮೇಲೆ ಕೂತು ನೋಡಿದೆ. ಸ್ಕೋರ್ ನೋಡಲಿಲ್ಲ, ನಿಧಾನಪ್ಪನ ಕಾಲು ನೋಡಿದೆ, ಮಾಮ ಕಲಿಸಿದ ಹಾಗೆ. ಅಯ್ಯೋ, ಅವನು ನಿಲ್ಲುತ್ತಿಲ್ಲ! ಗೋಡೆ ಇನ್ನೂ ಗಟ್ಟಿಯಾಗಿರುವಾಗಲೇ ಹಿಂದೆ ಸರಿಯುತ್ತಿದ್ದ, ಮೊದಲು ಕಂಡವನಿಗೆ ಎಸೆಯುತ್ತಿದ್ದ. ಆಚೆ ಕಡೆ ಅವಸರಪ್ಪ ಅವತ್ತು ಹುಟ್ಟಿದಾಗಿನಿಂದ ಹಾಗೇ ಇದ್ದವನಂತೆ ನಿಂತು, ನೋಡಿ, ಆರಿಸಿ ಎಸೆಯುತ್ತಿದ್ದ.

“ಯಾರಮ್ಮ ಗೆಲ್ಲೋದು?” ಅಂಕಲ್ ಕೇಳಿದರು.

“ಹಸಿರು, ಅಂಕಲ್.”

“ನೀವು ನೀಲಿ ಅಲ್ವಾ?”

“ಹೌದು. ಆದ್ರೆ ನೀಲಿಯೋನು ಹೆದರಿದಾನೆ. ಗಾಳಿಗೆ ಹೆದರಿ ಬೇಗ ಬೇಗ ಎಸೀತಿದಾನೆ. ಅವನಿಗೆ ಬೇಗ ಎಸೆಯಕ್ಕೆ ಬರಲ್ಲ.”

ನನ್ನ ಬಾಯಿಂದ ನಮ್ಮವರ ವಿರುದ್ಧ ಬಂದ ಮೊದಲ ಮಾತು ಅದು. ಅಂಕಲ್ ಗಂಭೀರವಾಗಿ ತಲೆಯಾಡಿಸಿದರು. ನಾನು ಎದ್ದು ಹೋಗಿ ಅಮ್ಮನ ಸೆರಗು ಎಳೆದೆ, ಈಗಲೇ ಮನೆಗೆ ಹೋಗೋಣ ಎಂದೆ. ಇನ್ನೂ ಎರಡು ಮನೆಯ ಎಳ್ಳು ಬಾಕಿಯಿತ್ತು. ಅಮ್ಮ ನನ್ನ ಮುಖ ನೋಡಿ ‘ಆಯ್ತು, ನಡಿ’ ಎಂದಳು. ಎಂದೂ ಸ್ಪೀಡ್ ಲಿಮಿಟ್ ದಾಟದ ನಮ್ಮಮ್ಮ ಅವತ್ತು ಹಳದಿ ದೀಪಗಳನ್ನು ಹಾರಿಸಿಕೊಂಡು ಓಡಿಸಿದಳು.

ಎಳ್ಳಿನ ತಟ್ಟೆ ಸಮೇತ ನಾವು ಬೇಸ್‌ಮೆಂಟಿಗೆ ಇಳಿದಾಗ ಕೊನೆಯ ನಿಮಿಷಗಳು. ಚೆಂಡು ನಿಧಾನಪ್ಪನ ಕೈಗೆ ಬಂದಿತ್ತು. ಚೆಂಡನ್ನು ಎದುರಿನ ಕೊನೆಗೆರೆ ದಾಟಿಸಿ ಒಂದು ಟಚ್‌ಡೌನ್ ಹೊಡೆದರೆ ನೀಲಿಗೆ ಗೆಲುವು. ಅಮ್ಮ ಕೋಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೇ ಕೂತಳು. ಅಪ್ಪ ಹಸಿರಿನವರು, ಆದರೂ ತುಟಿಪಿಟಕ್ಕೆನ್ನದೆ ಕೂತಿದ್ದರು. ಅವರೂ ನೀಲಿ ಗೆಲ್ಲಲಿ ಎಂದು ಬೇಡುತ್ತಿದ್ದರೋ ಏನೋ. ನಾನು ಮಾಮನ ಪಕ್ಕ ನುಸುಳಿದೆ. ನಿಧಾನಪ್ಪ ಒಂದು ಒಳ್ಳೆಯ ಎಸೆತ ಎಸೆದ, ಮತ್ತೊಂದು ಎಸೆದ, ಇಡೀ ಮೈದಾನ ಎದ್ದು ನಿಂತಿತು. ನಾನೂ ಎದ್ದೆ. ನಾನು ಹೇಳಿದ್ದು ಸುಳ್ಳಾಗಲಿ ದೇವರೇ, ನಾನು ಪೆದ್ದಿ ಎಂದಾಗಲಿ! ಗುರಿ ಕಣ್ಣಳತೆಯಲ್ಲಿತ್ತು, ಉಳಿದದ್ದು ಒಂದೇ ಯತ್ನ. ಚೆಂಡು ಕೈಗೆ ಬಂತು, ಗೋಡೆ ನಿಂತಿತ್ತು. ‘ನಿಲ್ಲೋ, ನಿಲ್ಲೋ!’ ಎಂದು ಮಾಮನೂ ನಾನೂ ಒಟ್ಟಿಗೇ ಕೂಗಿದೆವು. ಅವನು ನಿಲ್ಲಲಿಲ್ಲ. ಬಲಕ್ಕೆ ಇನ್ನೊಬ್ಬ ಕೈಯೆತ್ತಿಕೊಂಡು ಒಂಟಿಯಾಗಿ ನಿಂತಿದ್ದ, ನಮ್ಮ ಮೆಟ್ಟಿಲಿಗೂ ಕಾಣುತ್ತಿದ್ದ. ನಿಧಾನಪ್ಪ ನೋಡದೆ ಎಡಕ್ಕೆ ಎಸೆದುಬಿಟ್ಟ. ಗಾಳಿ ಚೆಂಡನ್ನು ಪಕ್ಕದ ಗೆರೆಯಾಚೆ, ಮೈದಾನದಿಂದ ಹೊರಗೆ ಕೊಂಡೊಯ್ದಿತು.

ಮಾಮ ಟಿವಿ ಆರಿಸಿದ. ಆಮೇಲೆ ಅವನು ಎದ್ದು ಮೆಟ್ಟಿಲ ಬಳಿ ಹೋಗಿ, ಅಮ್ಮನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

“ರಘುಗೆ ಫೋನ್ ಮಾಡಿ ಬರ್ತೀನಿ ಅಂದ್ಬಿಟ್ಟೆ ಅಕ್ಕ.”

“ಈಗ ಯಾವಾಗ ಮಾಡ್ದೆ?” ಅಮ್ಮ ಕೇಳಿದಳು.

“ಈಗಲ್ಲ. ನೀನು ಗೆಲ್ತಾರೆ ಅಂದ್ಯಲ್ಲ, ನಿಮ್ಮ ಕಾರು ಹೊರಟ ತಕ್ಷಣ. ಆಟ ಇನ್ನೂ ಶುರುವಾಗಿರ್ಲಿಲ್ಲ. ನೀನು ಅಷ್ಟು ಕಷ್ಟಪಟ್ಟು ಹೇಳಿದ್ಮೇಲೆ ಇನ್ನೇನು ಆಟ ನೋಡಿ ತೀರ್ಮಾನ ಮಾಡೋದು?”

ಅಮ್ಮ ಅವನ ತಲೆಯನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತುಬಿಟ್ಟಳು. ಅಪ್ಪ ಎದ್ದು ಬಂದು ಏನು ಮಾಡಬೇಕೋ ತಿಳಿಯದೆ ನನ್ನ ತಟ್ಟೆಯಿಂದ ಎಳ್ಳು ತೆಗೆದು ಎಲ್ಲರ ಅಂಗೈಗೂ ಹಾಕಿದರು. ನಾನು ಸೋಫಾದ ಮೂಲೆಯಲ್ಲಿ ಲಂಗದಲ್ಲಿ ಮುಖ ಮುಚ್ಚಿಕೊಂಡಿದ್ದೆ. ಮಾಮ ಬಂದು ಪಕ್ಕ ಕೂತ. ಎಳ್ಳು ಅಗಿಯುತ್ತಲೇ ಕೇಳಿದ.

“ಮುಂದಿನ ಭಾನುವಾರ ಹಸಿರಿಗೆ ಇನ್ನೊಂದು ಆಟ ಇದೆ. ಯಾರು ಗೆಲ್ತಾರೆ ಪುಟ್ಟಿ?”

“ಐ ಡೋಂಟ್ ಕೇರ್.”

“ಅದು ಉತ್ತರ ಅಲ್ಲ. ಮೈಸೂರಿಂದ ಫೋನ್ ಮಾಡಿ ಕೇಳ್ತೀನಿ, ಆಗ್ಲೂ ಹಿಂಗೇ ಅಂತೀಯಾ?”

“ಅವಸರಪ್ಪ” ಎಂದೆ.

“ಕಾರಣ?”

ಮೂಗು ಸೋರುತ್ತಿತ್ತು, ಬಿಕ್ಕಳಿಕೆ ಬರುತ್ತಿತ್ತು. ಅವನು ಕಾದ. ಅಳುತ್ತಲೇ ಕಾರಣ ಹೇಳಿದೆ.